ಕನಕರಾಜನ ಮಜ್ಜಿಗಿ

...ಶ್, ಮೆಲ್ಲಗ ಬಾ ಬೇ ಸುಕನ್ಯಾ. ಚಪ್ಪಲಿ ಅಲ್ಲೇ ಬಿಡು. ಗೊರಕಿ ಕೇಳಾಕತ್ತೈತಿಲ್ಲ? ನಿನ್ನ ಗಂಡಂದೇ ಅದು. ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ ನೋಡು, ಹೆಂಗ ಮಲಗ್ಯಾನ ನನ್ನ ಕನಕರಾಜ, ಮೊಲಿ ಕುಡದ ಕೂಸಿನಂಗ! ಏ ಪ್ರಿಯಾಂಕಾ, ಬಾರವ್ವ, ಅಜ್ಜಿ ಗುರ್ತು ಹತ್ತಲಿಲ್ಲೇನು? ...ಅವರವ್ವನ ಸೆರಗಿನ್ಯಾಗ ಹೊಕ್ಕಳು. ಇರಲಿ ಬಿಡು. ನಿಮ್ಮಪ್ಪನ್ನ ಮಾತ್ರ ಎಬ್ಬಸಬ್ಯಾಡ.

ಹಂಗ್ಯಾಕ ನೋಡತಿ? ಕುಡದು ಬಿದ್ದಾನ ಅಂತ ತಿಳಕೊಂಡೇನು? ಬೇಕಾದ್ರ ಬಾಯಿ ಮೂಸಿ ನೋಡು! ...ಯಪ್ಪಾ, ಖರೇನ ಹೋಗಿ ಮೂಸಿದೆಲ್ಲ! ಬಂತೇನು ಸೇಂದಿ ವಾಸನಿ? ಇಲ್ಲ. ಮಜ್ಜಿಗಿ ವಾಸನಿ ಅದು. ಬರೇ ಮಜ್ಜಿಗಿ.

ಕುಂದರು. ಎಲ್ಲಾ ಬಿಡಿಸಿ ಹೇಳತೀನಿ. ಯಾಕ ಬಿಡಿಸಿ ಹೇಳತೀನಂದ್ರ, ನಿನಗ ಪೂರಾ ತಿಳಿಯಬೇಕು. ತಿಳಿಯಲಿಲ್ಲಂದ್ರ ನೀ ಮತ್ತ ಕೂಸಿನ ಕರಕೊಂಡು ಸಂತೆಕಲ್ಲೂರ ಬಸ್ ಹತ್ತತಿ. "ಅತ್ತಿ, ಖರೇ ಬಿಟ್ಟಿದ್ರ ಬರತೀನಿ. ಸುಳ್ಳಾದ್ರ ಈ ಜಲ್ಮದಾಗ ಬಳಗಾನೂರ ಮಣ್ಣು ತುಳಿಯಂಗಿಲ್ಲ, ಮಗಳ ಮಾರಿನೂ ತೋರಸಂಗಿಲ್ಲ" ಅಂತ ಫೋನಿನ್ಯಾಗ ಅಂದಿದ್ದಿ. ಬಂದಿ. ಕಣ್ಣಲೇ ನೋಡು. ಬಿಟ್ಟಾನ.

ಸಿಂಧನೂರ ದವಾಖಾನಿ ಸಿಸ್ಟರ್ ಹೇಳಿದ್ದೆಲ್ಲಾ ಮಾಡಾಕತ್ತೀವಿ. ಮುಂಜಾನೆದ್ದು ಕಾಲುವಿ ದಂಡಿಗುಂಟ ಅಡ್ಡಾಡಲಿ ಅಂದಳು, ಅಡ್ಡಾಡಿದ. ಈಗೀಗ ಕಾಲು ತೊಡರತಾವು, ಅದಕ್ಕ ಅಂಗಳದಾಗ ಅಷ್ಟ. ಕೈಗೆ ಏನರ ಕೆಲಸ ಕೊಡ್ರಿ ಅಂದಳು. ಅಗಾ ನೋಡು, ಗೂಟಕ್ಕ ಹಗ್ಗ ಐತೆಲ್ಲ, ಅವನ ಹೊಸದದ್ದು. ಅರ್ಧಕ್ಕ ಬಿಟ್ಟಾನ, ಹೌದು. ಬೆರಳು ಹಿಡಿತಕ್ಕ ಸಿಗವಲ್ಲವು. ನಗತಿ ಯಾಕ? ಎಲ್ಲರೂ ಒಮ್ಮಿಗೇ ಹಗ್ಗ ಹೊಸಿತಾರೇನು? ಮತ್ತ, ಸೇಂದಿ ನೆನಪು ಬಂದು ಜೀವ ಎಳದಾಗ ಒಬ್ಬನ ಕುಂದರಬಾರದು, ಯಾರ ಕೂಡರ ಮಾತಾಡಬೇಕು, ಗುಟುಕು ಗುಟುಕು ಮಜ್ಜಿಗಿ ಕುಡೀಬೇಕು ಅಂದಳು. ಅದೊಂದನ್ನ ನಾ ತಪ್ಪಿಸಿಲ್ಲ. ಅಗಾ, ಕಟ್ಟಿ ಮ್ಯಾಲ ತಾಟು ಮುಚ್ಚಿದ ಚರಿಗಿ. ಅದು ಅವಂದ. ನನ್ನ ಕೈಲೆ ಕಡದು, ನನ್ನ ಕೈಲೆ ಕುಡಸತೀನಿ.

ಮಾತಾಡಾಕ ಯಾರು ಬರತಾರ ಅಂತೀಯೇನು? ಬುಡ್ಡೇಸಾಬ್ ಬರತಿದ್ದ. ಇಬ್ಬರೂ ಒಂದ ಅಂಗಡ್ಯಾಗ ಕುಡದವರು, ಕೂಡೇ ಬಿಟ್ಟರು. ದಿನಾ ಸಂಜೀಕ ಬಂದು, "ನಡಿ ದೋಸ್ತ" ಅಂತ ಕಾಲುವಿಗಿ ಕರಕೊಂಡು ಹೋಗತಿದ್ದ. ನಾನ ಅವಗ ಬರಬ್ಯಾಡ ಅಂದೆ. ಯಾಕಂದ್ರ ಅವನ ನಾಲಗಿ ಸರಿಯಿಲ್ಲ. "ಯವ್ವಾ, ಬಿಟ್ಟ ಮನಶ್ಯಾ ಹಿಂಗ ತಣ್ಣಗ ಇರಂಗಿಲ್ಲರಿ. ನಾ ಇವತ್ತಿಗೂ ಉಪ್ಪು ಕಡಿಮಿ ಆತಂತ ಮನ್ಯಾಕಿ ಹುಸೇನ್‌ಬೀ ಕೂಡ ಜಗಳಾಡತೀನಿ, ಕಾಲುವ್ಯಾಗ ಮುಳುಗಿ ಅಳತೀನಿ. ನಿಮ್ಮ ಕನಕ ಒಂದಿನಾ ಸಿಟ್ಟಿಗೇಳವಲ್ಲ. ಇವನ ಕಣ್ಣು ಹಿಂಗ್ಯಾಕದಾವರಿ?" ಅಂದ. ಕೇಳಿದೇನು? ತನ್ನ ಮನ್ಯಾಗ ಜಗಳ, ನನ್ನ ಮನ್ಯಾಗ ಶಾಂತಿ, ಅದಕ್ಕ ಹೊಟ್ಟಿಕಿಚ್ಚು!

ಏನು, ನೀನೂ ಕಣ್ಣರೆಪ್ಪಿ ಎತ್ತಿ ನೋಡಾಕ ಹೊಂಟೇನು? ಬಿಡು ಬೇ! ನಿದ್ದಿಗಣ್ಣು ಹಂಗ ಇರತಾವು.

ನೀ ಇರಲಿಲ್ಲ. ನೀ ತೌರಿಗಿ ಹೋಗಿದ್ದಿ. ಮೊದಲ ಸಲ ಬಿಡಿಸಿದಾಗ ನೋಡಿದಾಕಿ ನಾ ಒಬ್ಬಾಕಿ. ನಮ್ಮ ಕಡೆ ಸೇಂದಿ ಏನು ಗಿಡದಿಂದ ಇಳಿಸಿದ್ದ? ಮತ್ತು ಬರಸೋ ಪುಡಿ ಕಲಸಿದ ನೀರದು. ಒಮ್ಮಿಗೇ ಬಿಟ್ರ ಮನಶ್ಯಾ ಮನಶ್ಯಾ ಉಳಿಯಂಗಿಲ್ಲ. ಗ್ವಾಡಿ ತುಂಬ ಇರಿವಿ ಹರದಾಡತಾವಂತ ಉಗುರಲೆ ಕೆರದ. ರಕ್ತ ಬಂತು. ಕಂಬಕ್ಕ ಕಟ್ಟಿದೆ ಬೇ, ಹಡದ ಮಗನ್ನ, ಎತ್ತು ಕಟ್ಟೋ ಹಗ್ಗಲೆ! "ಯವ್ವಾ, ಒಂದು ಗುಟುಕು, ನಿನ್ನ ಕಾಲು ಬೀಳತೀನಿ" ಅಂತ ಒದರಿದ. ನೀನೂ ಒಂದನ್ನ ಹಡದಿ. ತಡಕೋತಿದ್ದೇನು? ಹೇಳು!

ಸಿಸ್ಟರ್ ಹೇಳಿದ್ದಳು, ಹೌದು. ಹಂಗ ನಡುಗಿದ್ರ ಮನ್ಯಾಗ ಇಟಕೋಬ್ಯಾಡ್ರಿ, ದವಾಖಾನಿಗಿ ಹಾಕ್ರಿ, ಔಷಧ ಕೊಟ್ಟು ಇಳಸತೀವಿ ಅಂತ. ಹುಚ್ಚರ ಕೂಡ ಹಾಕಿದಳು ಗ್ಯಾನಮ್ಮ ಮಗನ್ನ ಅಂತ ಊರು ಆಡಕೋಬೇಕೇನು? ಹಾಕಲಿಲ್ಲ. ಮನ್ಯಾಗ ಗುಣ ಆದ. ನನ್ನ ಮಜ್ಜಿಗಿಲೆ ಗುಣ ಆದ. ನೋಡು, ಮಾರಿ ಮ್ಯಾಲ ನೊಣ ಕುಂತ್ರೂ ಹಂಗ ಮಲಗ್ಯಾನ...

ಹಾಂ? ಕೂಸಿಗೆ ನೀರಡಿಕಿ ಆಗೈತೇನು? ಇರು, ನಾ ಒಳಗಿಂದ...

ಏ! ಏ ಏ ಏ! ಬ್ಯಾಡ! ಆ ಚರಿಗ್ಯಾಗಿಂದು ಕುಡಸಬ್ಯಾಡ ಕೂಸಿಗೆ! ಇಳಿಸು! ತುಟಿಯಿಂದ ಇಳಿಸು ಲೋಟ!

...ಒದರಿದೆನೇನು? ಹುಳಿ ಆಗೈತಿ ಬೇ, ಅದಕ್ಕ. ಕೂಸಿಗೆ ನೆಗಡಿ ಆದೀತಂತ. ಒಳಗ ಗಡಿಗ್ಯಾಗ ಬ್ಯಾರೆ ಮಜ್ಜಿಗಿ ಐತಿ, ಅದನ್ನ ಕೊಡತೀನಿ.

ಯಾಕ ನಿಂತಿ? ಒಂದು ಮನ್ಯಾಗ ಎರಡು ಮಜ್ಜಿಗಿ ಯಾಕ ಅಂತೀಯೇನು? ಅವಂದು... ಅವಂದು ಬ್ಯಾರೆ. ಜೀರಿಗಿ ಹಾಕಿರತೀನಿ.

ಲೋಟ ನನ್ನ ಕಡೆ ಯಾಕ ಹಿಡದಿ?

ನಾ ಕುಡೀಬೇಕ? ನನಗ ಬ್ಯಾಡ. ಇವತ್ತು ಉಪಾಸ ನಂದು. ...ಇಲ್ಲ, ಈಗ ರೊಟ್ಟಿ ತಿಂದೆ, ಹೊಟ್ಟಿ ತುಂಬೈತಿ. ತಗಿ ಬೇ ಆ ಕಡೆ. ಮಾರಿ ಮುಂದ ಹಿಡೀಬ್ಯಾಡ. ಹಿಡೀಬ್ಯಾಡ ಅಂದ್ನಿಲ್ಲ! ಚೆಲ್ಲಿತು ನೋಡು... ಸೀರಿ ಮ್ಯಾಲ...

ಹಿಂಗ ಲೋಟ ಹಿಡಕೊಂಡು ನಿಂತ್ರ ನಾ ಏನ ಮಾಡಲಿ?

ಚಿಟಿಕಿ ಬೇ. ಒಂದ ಚಿಟಿಕಿ. ಸೇಂದಿ ಅಂಗಡಿ ಆದಪ್ಪ ಕೊಟ್ಟ, ಸೇಂದ್ಯಾಗ ಹಾಕೋ ಅದ ಪುಡಿ. "ದಿನಾ ಕಡಿಮಿ ಮಾಡಿಕೋತ ಹೋಗವ್ವ, ಅವಗ ಗೊತ್ತಾಗಂಗಿಲ್ಲ, ತಾನ ಬಿಡತಾನ" ಅಂದ. ಅವಗ ಗೊತ್ತಿಲ್ಲ, ನಿನ್ನಾಣಿ! ಪಾಪ, ತಾ ಬಿಟ್ಟೀನಂತ ತಿಳಕೊಂಡಾನ. "ಯವ್ವಾ, ಸುಕನ್ಯಾ ಬಂದ್ರ ಹೇಳು, ಮಜ್ಜಿಗಿ ಬಿಟ್ರ ಬ್ಯಾರೆ ಏನೂ ಮುಟ್ಟಿಲ್ಲಂತ" ಅಂದ ಇವತ್ತು ಮುಂಜಾನಿ. ಕಡಿಮಿ ಮಾಡಬೇಕಂತಿದ್ದೆ. ಕಡಿಮಿ ಮಾಡಿದ ದಿನ ನಡುಗಾಕ ಹತ್ತತಿದ್ದ. ಮತ್ತ ನಾ... ಇವತ್ತು ನೀ ಬರತಿ, ಅವ ಒದರಬಾರದು, ನೀ ಅಂಜಬಾರದು, ಕೂಸು ಅಂಜಬಾರದು ಅಂತ... ಚಿಟಿಕಿ ಮ್ಯಾಲ ಒಂದೀಟು ಹೆಚ್ಚಿಗಿ... ಒಂದೀಟ...

ಎತ್ತ ಓಡತಿ? ಸುಕನ್ಯಾ!

...ಗೊರಕಿ. ಗೊರಕಿ ಯಾವಾಗ ನಿಂತಿತು?

ಎದ್ದಿರಬೇಕು. ನಮ್ಮ ಮಾತು ಕೇಳಿ ಎದ್ದಾನ. ಅಲುಗಿಸು ಬೇ, ಜೋರಲೆ ಅಲುಗಿಸು, ಈಗ ಎಬ್ಬಿಸಿದ್ರ ನಡೀತೈತಿ. ಪ್ರಿಯಾಂಕಾ, ಅಪ್ಪಾ ಅನ್ನು, ಇನ್ನೊಮ್ಮೆ ಅನ್ನವ್ವ... ಎದಿ ಮ್ಯಾಲ ಕಿವಿ ಇಟ್ಟೆಲ್ಲ, ಕೇಳತೈತಿಲ್ಲ? ಡವಡವ ಅಂತೈತಿಲ್ಲ ಒಳಗ?

ಹಂಗ ತಲಿ ಎತ್ತಿ ನನ್ನ ನೋಡಬ್ಯಾಡ. ಬೈಯಿ. ಮಾರಿ ಮ್ಯಾಲ ಉಗುಳು. ಸುಕನ್ಯಾ... ನಮ್ಮವ್ವ... ಏನರ ಒಂದು ಅನ್ನು ಬೇ.