ಅಕ್ಕನ ಕೋಟು ಮುಗಿದ ಮೇಲೆ

ವೇದಿಕೆಯ ನಟ್ಟನಡುವೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಅಧ್ಯಕ್ಷರೇ, ನಮ್ಮನ್ನೆಲ್ಲ ಒಂದು ತಿಂಗಳು ಹಿಡಿದು ಕೂರಿಸಿ ಕೆಲಸ ಮಾಡಿಸಿದ ಗ್ರಂಥಪಾಲಕಿಯವರೇ, ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿ ಇಂದು ಎದೆಯುಬ್ಬಿಸಿ ಕುಳಿತಿರುವ ನನ್ನ ಇಪ್ಪತ್ತೊಂದು ಮಂದಿ ಜೊತೆಗಾರರೇ, ‘ಇವರು ಮುಗಿಸಿದ ಹಾಗೇ ಇದೆ’ ಎಂದು ಮನೆಯಲ್ಲಿ ಆಡಿಕೊಂಡು ನಕ್ಕಿದ್ದ ಅವರ ಗಂಡಂದಿರೇ, ಹೆಂಡತಿಯರೇ, ಮಕ್ಕಳೇ, ಸಭಿಕರೇ,

ನಾನು ದರ್ಜಿ. ಮೂವತ್ತೆಂಟು ವರ್ಷ ಊರಿನವರ ಅಳತೆ ತೆಗೆದವಳು. ಈ ಸಭೆಯಲ್ಲಿ ನಾನು ಹೊಲಿದ ಬಟ್ಟೆ ತೊಟ್ಟವರು ಒಂಬತ್ತು ಮಂದಿ ಇದ್ದೀರಿ, ಬಾಗಿಲಲ್ಲೇ ಲೆಕ್ಕ ಹಾಕಿಕೊಂಡು ಬಂದೆ. ಯಾರ ಎಡಭುಜ ತಗ್ಗು, ಯಾರು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತೀರಿ, ಎಲ್ಲ ನನಗೆ ಗೊತ್ತು. ಆದ್ದರಿಂದ ಮೈಕು ಕಂಡರೆ ನನಗೆ ಭಯವಿಲ್ಲ. ಭಯ ಇರಬೇಕಾದದ್ದು ನಿಮಗೆ.

ನಮ್ಮ ಗ್ರಂಥಾಲಯದ ‘ಮುಗಿಸುವ ತಿಂಗಳು’ ಏನೆಂದು ಹೊಸಬರಿಗೆ ಎರಡು ಮಾತು ಹೇಳಬೇಕು. ಮೊದಲ ದಿನ ಓದುವ ಕೋಣೆಯ ಉದ್ದ ಮೇಜಿನ ಮೇಲೆ ನಿಮ್ಮ ಅರೆಬರೆ ಕೆಲಸವನ್ನು ಎಲ್ಲರೆದುರು ಇಡಬೇಕು. ಚೀಟಿ ಎತ್ತಿ ನಿಮಗೊಬ್ಬ ಜೋಡಿ ಕೊಡುತ್ತಾರೆ. ಆ ಜೋಡಿ ದಿನಾ ಬೆಳಿಗ್ಗೆ ಫೋನ್ ಮಾಡಿ ‘ನಿನ್ನೆ ಏನು ಮಾಡಿದ್ರಿ?’ ಎಂದು ಕೇಳಬೇಕು. ಹೊಸದನ್ನು ಶುರು ಮಾಡುವಂತಿಲ್ಲ. ಮೂವತ್ತನೆಯ ದಿನ ಸಂಜೆ ಐದಕ್ಕೆ ಗಂಟೆ ಬಾರಿಸಿದರೆ ಕೈ ತೆಗೆಯಬೇಕು. ಇಷ್ಟೇ ನಿಯಮ. ಇಷ್ಟರಿಂದ ಹಲ್ಲಿನ ಡಾಕ್ಟರು ಏಳು ವರ್ಷದಿಂದ ಕಾರು ನಿಲ್ಲಿಸುವ ಜಾಗದಲ್ಲಿ ಕೂಡಿಸುತ್ತಿದ್ದ ದೋಣಿ ಕೊನೆಗೂ ನೀರು ಕಂಡಿತು. ಮುಳುಗಿತು, ಅದು ಬೇರೆ ವಿಷಯ. ಆದರೆ ಮುಗಿದ ದೋಣಿಯೇ ಮುಳುಗಿತು ಎಂಬುದನ್ನು ನಾವು ಮರೆಯಬಾರದು!

ನಾನು ಸೇರಿದ್ದು ಜಂಬದಿಂದ. ಓದುವ ಕೋಣೆಯ ಪರದೆ ಕೊಡಲು ಹೋಗಿದ್ದೆ. ‘ನಿಮ್ಮದೂ ಏನಾದ್ರೂ ಬಾಕಿ ಇರಬೇಕಲ್ಲ?’ ಎಂದರು ಗ್ರಂಥಪಾಲಕಿ. ‘ಇದೆ, ನಮ್ಮಕ್ಕನ ಕೋಟು. ಅದೇನು, ಎರಡು ದಿನದ ಕೆಲ್ಸ’ ಎಂದೆ. ‘ಎಷ್ಟು ವರ್ಷದಿಂದ ಎರಡು ದಿನದ ಕೆಲ್ಸ?’ ಎಂದು ಕೇಳಿಬಿಟ್ಟರು. ಹನ್ನೊಂದು ಎಂದು ಬಾಯಿಂದ ಬಂದೇಬಿಟ್ಟಿತು. ಮೇಜಿನ ಸುತ್ತ ಇದ್ದವರೆಲ್ಲ ನನ್ನನ್ನೇ ನೋಡಿದರು. ಹೆಸರು ಬರೆಸದೆ ಗತಿಯಿರಲಿಲ್ಲ.

ಈಗ ಆ ಕೋಟಿನ ವಿಚಾರ ಹೇಳುತ್ತೇನೆ. ಬೂದು ಉಣ್ಣೆ, ಮೊಣಕಾಲುದ್ದ, ದೊಡ್ಡ ಕಾಲರು. ಅಕ್ಕ ತಿಂಗಳಿಗೊಮ್ಮೆ ಟ್ರಯಲ್‌ಗೆ ಬರುತ್ತಿದ್ದಳು. ಅವಳ ಮನೆ ಊರಿನ ಆಚೆ ತುದಿಯಲ್ಲಿದೆ, ಎರಡು ಬಸ್ಸು ಬದಲಾಯಿಸಬೇಕು. ಬಂದವಳು ಕನ್ನಡಿಯ ಮುಂದಿನ ಸ್ಟೂಲು ಹತ್ತಿ ನಿಲ್ಲುತ್ತಿದ್ದಳು. ಪ್ರತಿ ಸಲವೂ ಅಳತೆ ಬೇರೆ. ಒಮ್ಮೆ ಎದೆ ಬಿಗಿ, ಒಮ್ಮೆ ಸಡಿಲ, ಒಮ್ಮೆ ಕಂಕುಳಲ್ಲಿ ಹಿಡಿಯುತ್ತದೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದೆ. ತೋಳು ಆರು ಸಲ ಬಿಚ್ಚಿದ್ದೇನೆ. ಒಳಗಿನ ಲೈನಿಂಗ್ ಮೂರು ಬಣ್ಣ ಕಂಡಿದೆ. ಬಾಯಲ್ಲಿ ಸೂಜಿ ಇದ್ದರೆ ಜಾಸ್ತಿ ಮಾತಾಡಬೇಕಾಗಿಲ್ಲ, ಅದೊಂದು ಅನುಕೂಲ. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಆ ಟ್ರಯಲ್ ಬಿಟ್ಟರೆ ನಾವು ಬೇರೆಲ್ಲೂ ಭೇಟಿಯಾಗುತ್ತಿರಲಿಲ್ಲ.

ನನಗೆ ಜೋಡಿಯಾಗಿ ಸಿಕ್ಕವರು ಮನೆಮನೆಯ ವಿದ್ಯುತ್ ಮೀಟರ್ ಓದಿ ನಿವೃತ್ತರಾದವರು. ಅಲ್ಲೇ ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ಅವರು ಬರೆಯುತ್ತಿದ್ದದ್ದು ಊರಿನ ಗಲ್ಲಿಗಳ ನಕ್ಷೆ, ಅವರನ್ನು ಕಚ್ಚಿದ ನಾಯಿಗಳಿಗೆ ಕೆಂಪು ಚುಕ್ಕಿ ಸಮೇತ. ಬೆಳಿಗ್ಗೆ ಏಳಕ್ಕೆ ಫೋನು. ನಾನು ‘ಕಾಲರ್ ಬಿಚ್ಚಿದೆ’, ‘ಜೇಬು ಬಿಚ್ಚಿದೆ’, ‘ಅಕ್ಕ ಮತ್ತೆ ಟ್ರಯಲ್‌ಗೆ ಬರಬೇಕು’ ಎಂದು ವರದಿ ಒಪ್ಪಿಸುತ್ತಿದ್ದೆ. ಹದಿನೇಳನೆಯ ದಿನ ಅವರು, ‘ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ಹೊಲಿಯೋದಕ್ಕಿಂತ ಬಿಚ್ಚೋದೇ ಜಾಸ್ತಿ ಆಯ್ತು. ಅದು ಮುಗಿದ್ರೆ ನಿಮ್ಮಕ್ಕ ಆಮೇಲೆ ಯಾತಕ್ಕೆ ಬರ್ತಾರೆ?’ ಎಂದರು. ಅವರು ಸುಮ್ಮನೆ ಕೇಳಿದ್ದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನ್ ಇಟ್ಟೆ. ಎರಡು ದಿನ ಎತ್ತಲಿಲ್ಲ. ಸ್ವಾಮಿ, ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಮೀಟರು ಎಲ್ಲಿ ಅಡಗಿರುತ್ತದೆ ಎಂದು ನಿಮಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಇಪ್ಪತ್ಮೂರನೆಯ ದಿನ ಅಕ್ಕ ಬಂದಳು. ನನಗೆ ಉಳಿದದ್ದು ಒಂದೇ ವಾರ, ಅವಸರದಲ್ಲಿದ್ದೆ. ಸ್ಟೂಲು ಹತ್ತಿದವಳನ್ನು, ಯಾರೋ ಗಿರಾಕಿ ಎಂಬಂತೆ, ‘ಒಳಗೆ ಏನು ಹಾಕ್ಕೊಂಡಿದೀಯ?’ ಎಂದು ಕೇಳಿಬಿಟ್ಟೆ. ಸಭಿಕರೇ, ಅಳತೆ ತೆಗೆಯುವ ಮುನ್ನ ದರ್ಜಿ ಕೇಳುವ ಮೊದಲ ಪ್ರಶ್ನೆಯೇ ಅದು. ನಿಮ್ಮೆಲ್ಲರನ್ನೂ ಕೇಳಿದ್ದೇನೆ. ಹನ್ನೊಂದು ವರ್ಷ ಅಕ್ಕನನ್ನು ಮಾತ್ರ ಯಾಕೆ ಕೇಳಲಿಲ್ಲ?

ಅಕ್ಕ ಮೇಲಿನ ಸ್ವೆಟರ್ ತೆಗೆದಳು. ಅದರೊಳಗೆ ಇನ್ನೊಂದು. ಅದನ್ನೂ ತೆಗೆದಳು. ಅದರೊಳಗೆ ಭಾವನ ಹತ್ತಿಯ ಬನಿಯನ್! ಹೋದ ತಿಂಗಳು ಬರಿಯ ರವಿಕೆಯ ಮೇಲೆ ಅಳತೆ ಕೊಟ್ಟಿದ್ದಳು, ಅದರ ಹಿಂದಿನ ತಿಂಗಳು ಒಂದೇ ಸ್ವೆಟರ್. ‘ನೀನು ಕೇಳೋದೇ ಇಲ್ಲ ಅಂದ್ಕೊಂಡಿದ್ದೆ’ ಎಂದಳು ಅಕ್ಕ. ನಾನು ನಕ್ಕೆ. ಅವಳೂ ನಕ್ಕಳು. ಇಬ್ಬರೂ ನಕ್ಕು ನಕ್ಕು, ಆಮೇಲೆ ಇಬ್ಬರಿಗೂ ಅಳು ಬಂತು. ಒಬ್ಬರ ಅಳು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು. ಅವತ್ತು ತೆಗೆದ ಅಳತೆ ಸರಿಯಾದ ಅಳತೆ.

ಮೂವತ್ತನೆಯ ದಿನ ಓದುವ ಕೋಣೆಯಲ್ಲಿ ನಿಮ್ಮೆಲ್ಲರ ಮುಂದೆ, ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಗುಂಡಿ ಹಾಕಿದೆ. ಚಪ್ಪಾಳೆ ತಟ್ಟಿದಿರಿ. ಚಪ್ಪಾಳೆ ನನಗೆ ಬಹಳ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ? ಮರುದಿನ ಅಕ್ಕ ಅಂಗಡಿಗೆ ಬಂದು ಕೋಟು ತೊಟ್ಟಳು. ಮೈಗೆ ಅಂಟಿದಂತೆ ಕೂತಿತ್ತು. ನನ್ನ ಜೀವಮಾನದ ಕೆಲಸ ಅದು. ಬಾಗಿಲ ಹತ್ತಿರ ನಿಂತು ‘ಹಾಗಾದ್ರೆ ಇನ್ನೇನೂ ಬಾಕಿ ಇಲ್ಲ, ಅಲ್ವಾ?’ ಎಂದಳು. ನಾನು ವೃತ್ತಿಯ ಹೆಮ್ಮೆಯಲ್ಲಿ ‘ಏನೂ ಬಾಕಿ ಇಲ್ಲ’ ಎಂದೆ. ಹೊರಟುಹೋದಳು.

ಅದಾಗಿ ಏಳು ವಾರ. ಅಕ್ಕ ಬಂದಿಲ್ಲ. ಅಂಗಡಿ ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತುತ್ತೇನೆ. ಪ್ಯಾಂಟು ಗಿಡ್ಡ ಮಾಡಿಸಲು ಬಂದವರು ‘ಯಾಕಮ್ಮ ಹಾಗೆ ನೋಡ್ತೀರಿ?’ ಎಂದು ಕೇಳುವಂತಾಗಿದೆ.

ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ಸಮಯದ ಮಹತ್ವದ ಬಗ್ಗೆ ಮಾತಾಡುತ್ತೇನೆಂದು ಗ್ರಂಥಪಾಲಕಿಗೆ ಮಾತು ಕೊಟ್ಟಿದ್ದೆ. ಆದರೆ ಇಲ್ಲಿ ನಿಂತರೆ ಮೊದಲ ಸಾಲಿನ ಮೂರನೆಯ ಕುರ್ಚಿ ಖಾಲಿ ಕಾಣುತ್ತಿದೆ. ಅಕ್ಕನಿಗೆ ಗ್ರಂಥಾಲಯದಿಂದ ಅಂಚೆಯಲ್ಲಿ ಕಾರ್ಡು ಹೋಗಿತ್ತು. ನಾನು ಕರೆದಿರಲಿಲ್ಲ. ಅಚ್ಚು ಹಾಕಿಸಿದ ಕಾರ್ಡಿಗೆ ಅಕ್ಕ ಬರುತ್ತಾಳೆಯೇ? ಅವಳ ಜಾಗದಲ್ಲಿ ನಾನಿದ್ದರೆ ಬರುತ್ತಿದ್ದೆನೇ?

ನಮ್ಮ ಅಮ್ಮ ತೀರಿಕೊಂಡದ್ದು ಅಕ್ಕನ ಮನೆಯಲ್ಲಿ. ನನಗೆ ಸುದ್ದಿ ತಡವಾಗಿ ಬಂತು. ನಾನು ಹೋಗುವಷ್ಟರಲ್ಲಿ ಅಮ್ಮನ ಕಣ್ಣು ಮುಚ್ಚಿತ್ತು. ಇಪ್ಪತ್ತು ಜನರೆದುರು ಬಾಯಿಗೆ ಬಂದದ್ದೆಲ್ಲ ಆಡಿ, ‘ನಿನ್ನ ಮನೆ ಹೊಸ್ತಿಲು ಇನ್ನು ತುಳಿಯಲ್ಲ’ ಎಂದು ಬಂದೆ. ಮೂರು ರಾತ್ರಿ ನಿದ್ದೆಗೆಟ್ಟು ಅಮ್ಮನನ್ನು ನೋಡಿಕೊಂಡವಳಿಗೆ ಫೋನ್ ಮಾಡಲು ಪುರಸೊತ್ತಾದರೂ ಎಲ್ಲಿತ್ತು? ಆಗ ಅದು ನನಗೆ ಹೊಳೆಯಲಿಲ್ಲ. ಮೂರು ತಿಂಗಳಾದ ಮೇಲೆ ಅಕ್ಕ ಬೂದು ಉಣ್ಣೆಯ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ‘ಒಂದು ಕೋಟು ಹೊಲ್ದು ಕೊಡ್ತೀಯಾ?’ ಎಂದಳು. ಅವಳು ಕೋಟು ತೊಡುವ ಪೈಕಿಯೇ ಅಲ್ಲ. ಹನ್ನೊಂದು ವರ್ಷ, ಮೊಣಕಾಲು ನೋವಿಟ್ಟುಕೊಂಡು, ಎರಡು ಬಸ್ಸು ಹತ್ತಿ ಇಳಿದವಳು ಅವಳು. ನಾನು ಆಡಿದ ಮಾತು ಉಳಿಸಿಕೊಂಡು ಕೂತಲ್ಲೇ ಕೂತಿದ್ದೆ.

ಅಧ್ಯಕ್ಷರೇ, ಇನ್ನು ಮುಗಿಸಿದವರಿಗೆ ಫಲಕ ಇದೆಯಂತೆ, ಫೋಟೊ ಇದೆಯಂತೆ, ಕಾಫಿ ಇದೆಯಂತೆ. ಯಾವುದಕ್ಕೂ ನಾನಿರುವುದಿಲ್ಲ. ಐದೂಮುಕ್ಕಾಲಿಗೆ ಬಸ್ಸಿದೆ. ಅಕ್ಕ ಬಾಗಿಲು ತೆಗೆದು ‘ಏನು ಬಂದೆ?’ ಎಂದು ಕೇಳೇ ಕೇಳುತ್ತಾಳೆ. ತೋರಿಸಲು ನನ್ನ ಕೈಯಲ್ಲಿ ಒಂದು ಕೆಲಸವೂ ಇಲ್ಲ. ‘ಏನಿಲ್ಲ ಅಕ್ಕಾ, ಸುಮ್ನೆ ಬಂದೆ’ ಎನ್ನಬೇಕು. ಬೆಳಿಗ್ಗೆಯಿಂದ ಆ ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದೇನೆ. ಈ ಭಾಷಣ ಅದಕ್ಕಿಂತ ಸುಲಭವಾಗಿತ್ತು.

ಕರೆದು ಗೌರವಿಸಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ಮೊದಲ ಸಾಲಿನವರು ಸ್ವಲ್ಪ ಕಾಲು ಹಿಂದಕ್ಕೆ ತೆಗೆದುಕೊಂಡರೆ ನಾನು ಹೊರಡುತ್ತೇನೆ. ನಮಸ್ಕಾರ.