ನೊಣದ ಹಿಕ್ಕೆ

ಪಾಲೆಂಬಾಂಗಿನ ಸಿಟಿ ಬಸ್ಸಿನಲ್ಲಿ ರುಸ್ದಿ ಮೇಷ್ಟ್ರ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಕೂತಿದ್ದರು. ಹುಡುಗಿಯ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ತುಂಬ ಒಬ್ಬ ಗಂಡಸಿನ ಹಳೇ ಫೋಟೊ. ಮೇಷ್ಟ್ರು ಪೇಪರು ಹಿಡಿದಿದ್ದರು, ಓದುತ್ತಿರಲಿಲ್ಲ.

"ಇದ್ಯಾರೇ ಯುಸ್ನಿ?"

"ಅಜ್ಜ ಅಲ್ವಾ."

"ಅಜ್ಜನ ತಮ್ಮ ಬಸ್ತಾರಿ ಇದ್ದಂಗಿದಾನೆ. ಗಲ್ಲದ ಮೇಲಿನ ಮಚ್ಚೆ ಎಲ್ಲೇ?"

"ನೊಣದ ಹಿಕ್ಕೆ ಎಲ್ಲಾ ತೆಗಿ ಅಂದೋಳು ನೀನೇ ತಾನೆ?"

ಆ ಊರಿನ ಮಾತಿನಲ್ಲಿ ಮಚ್ಚೆಗೂ ನೊಣದ ಹಿಕ್ಕೆ ಅಂತಲೇ ಹೆಸರು. ಮೇಷ್ಟ್ರು ಪೇಪರನ್ನು ಮೂಗಿನವರೆಗೆ ಏರಿಸಿದರು.

"ಗೋಡೆ ಮೇಲಿದ್ದ ಫೋಟೊ, ನೊಣ ಕೂತು ಗಲೀಜು ಮಾಡಿತ್ತು. ಅದನ್ನ ತೆಗಿ ಅಂದೆ ಕಣೇ."

"ನಂಗೇನು ಗೊತ್ತು? ಪಕ್ಕದ ಚರ್ಮ ತಗೊಂಡು ಮಚ್ಚೆ ಮೇಲೆ ಮೆತ್ತಿದೆ. ಮೊನ್ನೆ ಕ್ಲಾಸಲ್ಲಿ ಕಲಿಸಿದ್ದು."

"ನಾಳೆ ನಿಮ್ಮಜ್ಜ ಹಜ್ ಮುಗಿಸ್ಕೊಂಡು ಬರ್ತಾರೆ, ಬೀದಿ ಬಾಗಿಲಲ್ಲಿ ಸ್ವಾಗತದ ಬ್ಯಾನರ್ ತುಂಬಾ ಬಸ್ತಾರಿ ಮುಖ. ಅವನು ಮೊದಲೇ ಸೊಕ್ಕಿನೋನು."

"ಬೈಬೇಡ ಅಜ್ಜಿ. ಇದನ್ನ ಒತ್ತಿದ್ರೆ ವಾಪಸ್ ಬರುತ್ತೆ, ನೋಡು."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಹಾಂ, ಈಗ ಬಂದ್ರು ನನ್ನ ಗಂಡ."

ಬ್ಯಾನರ್ ಅಂಗಡಿಯ ಸ್ಟಾಪು ಬಂತು. ಹುಡುಗಿ ಲ್ಯಾಪ್‌ಟಾಪು ಎದೆಗವಚಿಕೊಂಡು ಎದ್ದಳು.

"ಅಂಗಿ ಮಾತ್ರ ಮುಟ್ಟಿಲ್ಲ ಅಜ್ಜಿ. ಚುಕ್ಕಿ ಚುಕ್ಕಿ ಬಾಟಿಕ್ ಪ್ರಿಂಟು, ಎಷ್ಟು ಚೆನ್ನಾಗಿದೆ."

ಅಜ್ಜಿ ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಅವತ್ತು ಅವರು ಹಾಕಿದ್ದು ಬಿಳೀ ಅಂಗಿ ಕಣೇ."