ಸೋತವನ ಕೈಗೆ ಸನಿಕೆ

ಹೂಂ ಅಂತೀರಾ? ಹೂಂ ಅಂದರೆ ಹೇಳ್ತೀನಿ, ಆಕಳಿಸಿದರೆ ಎದ್ದು ಹೋಗ್ತೀನಿ. ಯಾವುದೋ ಕಾಲ, ಯಾವುದೋ ಸೀಮೆ. ಅಲ್ಲೊಂದು ಕೆರೆ, ಕೆರೆ ಕೆಳಗೊಂದು ಊರು. ಊರಿಗೆ ಹಲಗೇಗೌಡ ಯಜಮಾನ.

ಯಜಮಾನನ್ನ ಅಲ್ಲಿ ಹೆಂಗೆ ಆರಿಸೋರು, ಕೇಳಿ. ಯಜಮಾನ ಕೂರೋ ಕಟ್ಟೆ ಮುಂದೆ ಎರಡು ಬಾನಿ ಇಡೋರು. ಮನೆಗೊಬ್ಬ ಹೆಂಗಸು ತನ್ನ ಹೊಲದ ಕಾಲುವೆಯಿಂದ ಒಂದು ಕೊಡ ನೀರು ತಂದು, ಬೇಕಾದವನ ಬಾನಿಗೆ ಸುರಿಯೋಳು. ಯಾರ ಬಾನಿ ಹೆಚ್ಚು ತುಂಬಿತೋ ಅವನಿಗೆ ಯಜಮಾನಿಕೆ. ಸೋತವನಿಗೆ? ಸೋತವನಿಗೆ ಸನಿಕೆ! ಮುಂದಿನ ಆಯ್ಕೆವರೆಗೆ ಅವನೇ ತೂಬು ಎತ್ತಿ ಊರ ಹೊಲಕ್ಕೆಲ್ಲ ನೀರು ಹಾಯಿಸಬೇಕು. ಹಿಂದೆ ಸೋತ ಕೆಂಚಯ್ಯ ಅದನ್ನೇ ಮಾಡ್ತಿದ್ದ.

ಮುಂದಿನ ಆಯ್ಕೆಗೂ ಅವರಿಬ್ಬರೇ ಎದುರುಬದುರು. ಸಿದ್ದಜ್ಜಿ ಅನ್ನೋ ಮುದುಕಿ ಖಾಲಿ ಕೊಡ ತಂದು ನಿಂತಳು. ಹಲಗೇಗೌಡ ಹೊಟ್ಟೆ ಹಿಡಕೊಂಡು ನಕ್ಕ.

"ಏನಜ್ಜಿ, ಗಾಳಿ ಸುರೀತೀಯಾ?"

ಜನಾನೂ ನಕ್ಕರು. ಅಜ್ಜಿ ಕೊಡ ಸೊಂಟಕ್ಕಿಟ್ಟು ಹೊರಟುಹೋದಳು.

ಎರಡು ಬಾನೀನೂ ಸಮಸಮ ಆಯ್ತು. ಉಳಿದದ್ದು ಗೌಡನ ಹೆಂಡತಿ ಸಾಕಮ್ಮನ ಕೊಡ ಒಂದೇ. ಇನ್ನೇನು, ಗೌಡ ಮೀಸೆ ತಿರುವಿದ. ಸಾಕಮ್ಮ ಬಂದಳು, ಗಂಡನ ಬಾನಿ ದಾಟಿದಳು, ಕೆಂಚಯ್ಯನ ಬಾನಿಗೆ ದಬದಬ ಸುರಿದಳು! ಅಯ್ಯೋ, ಆ ಗೌಡನ ಮುಖ ನೋಡಬೇಕಿತ್ತು ನೀವು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ಅವನಿಗೆ.

ಮನೇಲಿ ಕೂಗಾಡಿದ. "ಊರೆದುರಿಗೆ ನನ್ನ ಮಾನ ಕಳೆದೆಯಲ್ಲೇ, ಯಾಕೆ?"

"ನನ್ನ ಕೇಳಬ್ಯಾಡಿ. ನಾಳೆ ತೂಬು ಎತ್ತಿ, ನೀರಿನ ಹಿಂದೇನೇ ಹೋಗಿ ನೋಡಿ," ಅಂದಳು ಸಾಕಮ್ಮ.

ಎತ್ತಿದ. ಹೋದ. ಮೇಲಿನ ಹೊಲದಲ್ಲಿ ಮೊಣಕಾಲುದ್ದ ನೀರು. ನಡುವಿನ ಹೊಲದಲ್ಲಿ ಪಾದ ನೆನೆಯೋಷ್ಟು. ಕಡೇ ಹೊಲದಲ್ಲಿ? ಧೂಳು ಕಣ್ರಪ್ಪಾ, ಬರೀ ಧೂಳು! ಅಲ್ಲಿ ಸಿದ್ದಜ್ಜಿ ಅದೇ ಖಾಲಿ ಕೊಡ ಪಕ್ಕಕ್ಕಿಟ್ಟು ಕೂತಿದ್ದಳು.

"ನೀರು ಬಂತಾ ಗೌಡ?"

"ಇಲ್ಲಜ್ಜಿ..."

"ನಿನ್ನ ಬಾಳೆ ತೋಟ ಕುಡಿದು ಮಿಕ್ಕಿದರೆ ತಾನೆ ಬರೋದು? ಅವತ್ತು ಕೊಡಕ್ಕೆ ಏನು ತುಂಬಿಕೊಂಡು ಬರಲಿ ನಾನು?"

ಹೌದು, ತೋಟಕ್ಕೆ ಕಾಲುವೆ ಒಡೆಸಿದವನು ಅವನೇ. "ಮೊದಲು ನನ್ನ ಬಾಳೆ, ಆಮೇಲೆ ಊರು" ಅಂತ ಕೆಂಚಯ್ಯನಿಗೆ ತಾಕೀತು ಮಾಡಿದವನೂ ಅವನೇ. ಅವತ್ತು ನಕ್ಕ ನಗು ತನ್ನ ಕಿವಿಗೇ ಮತ್ತೆ ಕೇಳಿಸ್ತು. ಎಂಥಾ ನಾಚಿಕೆ ಅಂತೀರಿ! ಸೋತಾಗ ಆದದ್ದು ಇದರ ಮುಂದೆ ಏನೂ ಅಲ್ಲ. ಅಜ್ಜಿ ಮುಖ ನೋಡೋಕಾಗದೆ ಓಡಿಹೋಗಿ, ಒಡಕಿಗೆ ತಾನೇ ಮಣ್ಣು ಹಾಕಿ ತುಳಿದ. ಬಾಳೆ ಒಣಗಿತು. ಅಂದಿನಿಂದ ನೀರು ಮೊದಲು ಕಡೇ ಹೊಲಕ್ಕೆ.

ಮತ್ತೆ ಆಯ್ಕೆ ಬಂತು. ಗೌಡ ಹೊಸ ರುಮಾಲು ಸುತ್ತಿ ನಿಂತ. ಈ ಸಲ ನಾನಲ್ಲದೆ ಇನ್ಯಾರು ಅಂತ. ಸಿದ್ದಜ್ಜಿ ತುಂಬಿದ ಕೊಡ ಹೊತ್ತು, ತುಳುಕಿಸಿಕೊಂಡು ಬಂದಳು. ಗೌಡನ ಬಾನಿ ದಾಟಿದಳು. ಕೆಂಚಯ್ಯನ ಬಾನಿಗೆ ಸುರಿದಳು! ಅವಳ ಹಿಂದೆ ಊರೆಲ್ಲ ಹಂಗೇ ಸುರೀತು.

"ಅಜ್ಜಿ, ನಿನಗೆ ನಾನೇನು ಕಡಿಮೆ ಮಾಡಿದೆ?"

"ಏನೂ ಕಡಿಮೆ ಮಾಡಿಲ್ಲ ಮಗ. ಈ ಕೊಡ ತುಂಬಿಸಿದವನೇ ನೀನು. ಆದರೆ ಕಟ್ಟೆ ಮೇಲೆ ಕೂತರೆ ನಮ್ಮ ಹೊಲ ನಿನ್ನ ಕಣ್ಣಿಗೆ ಬೀಳ್ತದಾ?"

ಬೀಳ್ತದೆ ಅನ್ನೋಕೆ ಗೌಡ ಬಾಯಿ ತೆಗೆದ. ಆಗ ಬೆಳಗಿನದು ನೆನಪಾಯ್ತು. ಹೆಂಗೂ ಗೆಲ್ತೀನಿ ಅಂತ, ತೋಟದಲ್ಲಿ ಮತ್ತೆ ನೆಡೋಕೆ ಬಾಳೆ ಕಂದು ತರಿಸೋಕೆ ಬೆಳಗ್ಗೆ ತಾನೇ ಆಳು ಕಳಿಸಿದ್ದ! ತಲೆ ತಗ್ಗಿಸಿದ. ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದ. ಸಾಕಮ್ಮ ಸನಿಕೆ ತಂದು ಕೈಗೆ ಕೊಟ್ಟಳು.

ಅಲ್ಲಿ ಅವರ ಕಡೇ ಹೊಲ ನೆನೀತು, ಇಲ್ಲಿ ನನ್ನ ಗಂಟಲು ಒಣಗ್ತು. ಯಾರವ್ವಾ ಅಲ್ಲಿ, ಹೇಳೋನಿಗೂ ಒಂದು ಚೊಂಬು ನೀರು ಕೊಡಿ.